ಫಾರ್ಮ್ಯಾಟ್ ಮಾಡಿದರೆ ಬ್ಯಾಡ್ ಸೆಕ್ಟರ್ ಹೋಗುತ್ತಾ?

ಪ್ರಶ್ನೆ: ಮನೆಯ ಸರ್ವರ್‌ನಲ್ಲಿ ನಾಲ್ಕು ಡಿಸ್ಕ್ ಇವೆ. ಒಂದರಲ್ಲಿ 'ಕರೆಂಟ್ ಪೆಂಡಿಂಗ್ ಸೆಕ್ಟರ್' 16 ಅಂತ ಬರುತ್ತಿದೆ, ಆದರೆ ಹೆಲ್ತ್ 'ಪಾಸ್ಡ್' ಅಂತಲೇ ಇದೆ. ಡಿಸ್ಕ್ ತೆಗೆದು ಫುಲ್ ಫಾರ್ಮ್ಯಾಟ್ ಮಾಡಿ ವಾಪಸ್ ಹಾಕಿದರೆ ಸರಿಹೋಗುತ್ತದೆ ಅಂತಾರೆ. ನಿಜವಾ? ಹೊಸದೇ ಬೇಕು ಅಂದರೆ ಅದೇ ಕಂಪನಿಯ ಅದೇ ಮಾಡೆಲ್ ಹುಡುಕಬೇಕಾ?

ಫಾರ್ಮ್ಯಾಟ್ ಬೇಡ. ಆ ಡಿಸ್ಕನ್ನು ಈಗಲೇ ಕೀಳುವುದೂ ಬೇಡ. ಹೊಸದೊಂದು ತಂದು ಅದರ ಪಕ್ಕದಲ್ಲಿ ಕೂರಿಸಿ. ಅದೇ ಮಾಡೆಲ್ ಆಗಬೇಕಿಲ್ಲ. ಉತ್ತರ ಇಷ್ಟೇ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಬರುತ್ತದೆ: ಒಮ್ಮೆ ಫುಲ್ ಫಾರ್ಮ್ಯಾಟ್, ಒಮ್ಮೆ ಲೋ ಲೆವೆಲ್ ಫಾರ್ಮ್ಯಾಟ್, ಇನ್ನೊಮ್ಮೆ ಝೀರೋ ಫಿಲ್. ಹಾಗಾಗಿ ಈ ಸಲ ಬುಡದಿಂದಲೇ ಅಗೆದು ನೋಡೋಣ.

ಈ ನಂಬಿಕೆ ಇಷ್ಟು ಗಟ್ಟಿಯಾಗಿರುವುದಕ್ಕೆ ಕಾರಣವಿದೆ. ಫಾರ್ಮ್ಯಾಟ್ ಆದ ಮೇಲೆ ಆ 16 ನಿಜವಾಗಿಯೂ ಸೊನ್ನೆಯಾಗುತ್ತದೆ. ಕಣ್ಣಾರೆ ಕಂಡವರಿಗೆ ಸುಳ್ಳು ಅಂದರೆ ಸಿಟ್ಟು ಬರುವುದು ಸಹಜ. ಸಂಖ್ಯೆ ಸುಳ್ಳಲ್ಲ, ಅದಕ್ಕೆ ಕೊಡುವ ಅರ್ಥ ಸುಳ್ಳು.

ಈಗಿನ ಬಹುಪಾಲು ಡಿಸ್ಕ್‌ಗಳು ಒಳಗೆ 4096 ಬೈಟ್‌ನ ಸೆಕ್ಟರ್‌ಗಳಲ್ಲಿ, ಅಂದರೆ ಪುಟ್ಟ ತುಂಡುಗಳಲ್ಲಿ, ಬರೆಯುತ್ತವೆ, ಹೊರಗಿನವರಿಗೆ 512 ಬೈಟ್ ಅಂತ ತೋರಿಸಿಕೊಳ್ಳುತ್ತವೆ. ಕೆಲವು ತಯಾರಕರ ಡಿಸ್ಕ್‌ಗಳಲ್ಲಿ ಈ ಲೆಕ್ಕ ಎಂಟೆಂಟಾಗಿ ಏರುವುದು ಇದರಿಂದಲೇ. ಆ ಪ್ರಕಾರ ನಿಮ್ಮ 16 ಅಂದರೆ ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲೆ ಎರಡೇ ಜಾಗ ಇರಬಹುದು. ಪ್ರತಿ ಸೆಕ್ಟರ್‌ಗೂ ತಪ್ಪು ತಿದ್ದುವ ಸಂಕೇತ ಅಂಟಿಕೊಂಡಿರುತ್ತದೆ. ಓದುವಾಗ ಸಣ್ಣಪುಟ್ಟ ತಪ್ಪುಗಳನ್ನು ಡಿಸ್ಕ್ ಅದರಿಂದಲೇ ಸದ್ದಿಲ್ಲದೆ ತಿದ್ದಿಕೊಳ್ಳುತ್ತದೆ. ತಿದ್ದಲಾಗದಷ್ಟು ಕೆಟ್ಟಿದ್ದರೆ ಮತ್ತೆ ಮತ್ತೆ ಓದಿ ನೋಡುತ್ತದೆ, ಕೊನೆಗೆ ಕೈಚೆಲ್ಲಿ ಆ ಸೆಕ್ಟರನ್ನು ಪೆಂಡಿಂಗ್ ಪಟ್ಟಿಗೆ ಸೇರಿಸುತ್ತದೆ. ಆಗಲೇ ಬದಲಿ ಜಾಗಕ್ಕೆ ಯಾಕೆ ಸಾಗಿಸುವುದಿಲ್ಲ ಅಂತ ಕೇಳಬಹುದು. ಸಾಗಿಸುವುದು ಏನನ್ನು? ಓದಲಿಕ್ಕೇ ಆಗಿಲ್ಲವಲ್ಲ! ಹಾಗಾಗಿ ಯಾರಾದರೂ ಅದೇ ಜಾಗಕ್ಕೆ ಹೊಸದಾಗಿ ಬರೆಯಲಿ ಅಂತ ಕಾಯುತ್ತಾ ಕೂರುತ್ತದೆ.

ಫುಲ್ ಫಾರ್ಮ್ಯಾಟ್ ಮಾಡುವುದು ಇದನ್ನೇ. ವಿಂಡೋಸ್‌ನಲ್ಲಿ ವಿಸ್ಟಾದಿಂದ ಈಚೆಗೆ ಫುಲ್ ಫಾರ್ಮ್ಯಾಟ್ ಅಂದರೆ ಉದ್ದಕ್ಕೂ ಸೊನ್ನೆ ಬರೆಯುವುದು. ಎಕ್ಸ್‌ಪಿ ಕಾಲದಲ್ಲಿ ಬರೀ ಓದಿ ನೋಡುತ್ತಿತ್ತು. ಕ್ವಿಕ್ ಫಾರ್ಮ್ಯಾಟ್ ಆ ಸೆಕ್ಟರ್‌ಗಳ ಹತ್ತಿರಕ್ಕೂ ಹೋಗುವುದಿಲ್ಲ. ಸೊನ್ನೆ ಬರೆದಾಗ ಎರಡರಲ್ಲಿ ಒಂದು ಆಗುತ್ತದೆ. ಹೊಸದಾಗಿ ಬರೆದದ್ದು ಅಲ್ಲೇ ನಿಂತರೆ ಪೆಂಡಿಂಗ್ ಲೆಕ್ಕ ಇಳಿಯುತ್ತದೆ, ಬೇರೇನೂ ಏರುವುದಿಲ್ಲ. ನಿಲ್ಲದಿದ್ದರೆ ಡಿಸ್ಕ್ ಆ ವಿಳಾಸವನ್ನು ತನ್ನ ಮೀಸಲು ಜಾಗಕ್ಕೆ ತಿರುಗಿಸುತ್ತದೆ. ಆಗ ಪೆಂಡಿಂಗ್ ಇಳಿದು, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯ 5ನೇ ಸಾಲು, ಅಂದರೆ 'ರೀಅಲೊಕೇಟೆಡ್ ಸೆಕ್ಟರ್', ಏರುತ್ತದೆ. ಫಾರ್ಮ್ಯಾಟ್ ಭಕ್ತರು 197ನೇ ಸಾಲು, ಅಂದರೆ ಪೆಂಡಿಂಗ್ ಲೆಕ್ಕ, ನೋಡಿ ಹಿಗ್ಗುತ್ತಾರೆ. 5ನೇ ಸಾಲಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ.

ಎರಡರಲ್ಲಿ ಯಾವುದೇ ಆದರೂ ಸೆಕ್ಟರ್ ಯಾಕೆ ಕೆಟ್ಟಿತು ಅನ್ನುವುದಕ್ಕೆ ಫಾರ್ಮ್ಯಾಟ್ ಏನೂ ಮಾಡಿಲ್ಲ. ಬರೆಯುವ ಹೊತ್ತಿಗೆ ಕರೆಂಟ್ ಹೋಗಿ ಅರ್ಧಂಬರ್ಧ ಬರೆದದ್ದಾಗಿದ್ದರೆ ಅದು ಒಂದು ಸಲದ ಅವಘಡ, ಮತ್ತೆ ಬರೆದರೆ ಮುಗಿಯಿತು. ಓದಿ ಬರೆಯುವ ಹೆಡ್ ದುರ್ಬಲವಾಗಿದ್ದರೆ ಅಥವಾ ತಟ್ಟೆಯ ಮೇಲೆ ಗೀರು ಬಿದ್ದಿದ್ದರೆ, ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದಂತೆ ವಾರದೊಳಗೆ ಇನ್ನೊಂದು ಜಾಗದಲ್ಲಿ 24 ಕಾಣಿಸಿಕೊಳ್ಳುತ್ತದೆ. ಲೋ ಲೆವೆಲ್ ಫಾರ್ಮ್ಯಾಟ್ ಅಂತ ಹೆಸರು ಹಾಕಿಕೊಂಡ ತಂತ್ರಾಂಶಗಳ ಕಥೆಯೂ ಇದೇ. ಟ್ರ್ಯಾಕ್‌ಗಳನ್ನು ಹೊಸದಾಗಿ ಗೆರೆ ಎಳೆಯುವ ಕೆಲಸ ಕಾರ್ಖಾನೆಯಲ್ಲಷ್ಟೇ ನಡೆಯುತ್ತದೆ. ಈ ತಂತ್ರಾಂಶಗಳು ಬರೆಯುವುದು ಅದೇ ಸೊನ್ನೆಗಳನ್ನು.

ಈಗ ಸರ್ವರ್‌ನ ವಿಚಾರ. ಇಲ್ಲಿ ಈ ಸಲಹೆ ವ್ಯರ್ಥ ಮಾತ್ರವಲ್ಲ, ಅಪಾಯ. ನಾಲ್ಕು ಡಿಸ್ಕ್‌ಗಳ ರೇಡ್ 5 ಅರೇಯಿಂದ, ಅಂದರೆ ಒಂದು ಡಿಸ್ಕ್ ಹೋದರೂ ದತ್ತಾಂಶ ಉಳಿಯುವಂತೆ ಜೋಡಿಸಿದ ಗುಂಪಿನಿಂದ, ಒಂದನ್ನು ಫಾರ್ಮ್ಯಾಟ್‌ಗೆ ಅಂತ ಹೊರಗೆ ತೆಗೆದ ಗಳಿಗೆಯಿಂದ ಉಳಿದ ಮೂರಕ್ಕೆ ರಕ್ಷಣೆ ಇಲ್ಲ. ಸರಾಸರಿ ಸೆಕೆಂಡಿಗೆ 180 ಎಂಬಿ ಅಂತ ಹಿಡಿದರೂ 8 ಟಿಬಿ ಡಿಸ್ಕ್ ತುಂಬಾ ಸೊನ್ನೆ ಬರೆಯಲು 12 ಗಂಟೆ ಬೇಕು, ವಾಪಸ್ ಹಾಕಿ ರೀಬಿಲ್ಡ್ ಮಾಡಲು, ಅಂದರೆ ಉಳಿದವುಗಳಿಂದ ಲೆಕ್ಕ ಹಾಕಿ ಅದನ್ನು ಮತ್ತೆ ತುಂಬಿಸಲು, ಕಡಿಮೆಯೆಂದರೆ ಇನ್ನೊಂದು 12 ಗಂಟೆ. ಒಂದಿಡೀ ದಿನ ಅರೇ ಬರಿಮೈಯಲ್ಲಿ ನಿಂತಿರುತ್ತದೆ. ಅಷ್ಟೂ ಕಷ್ಟಪಟ್ಟು ತುಂಬಿಸುವುದು ಯಾವುದಕ್ಕೆ? ಕಾಯಿಲೆ ಇದೆ ಅಂತ ಗೊತ್ತಿರುವ ಡಿಸ್ಕಿಗೆ.

ತಮಾಷೆಯೆಂದರೆ ಫಾರ್ಮ್ಯಾಟ್‌ನಿಂದ ಬಯಸುವ ಕೆಲಸವನ್ನು ಅರೇ ತಾನೇ ಮಾಡುತ್ತದೆ. ಲಿನಕ್ಸ್ ತಂತ್ರಾಂಶದಲ್ಲೇ ನಡೆಸುವ ಎಂಡಿ ರೇಡ್‌ನಲ್ಲಿ 'ಚೆಕ್' ಓಡಿಸಿದರೆ ಓದಲಾಗದ ಸೆಕ್ಟರ್ ಸಿಕ್ಕ ಕೂಡಲೇ ಉಳಿದ ಡಿಸ್ಕ್‌ಗಳಿಂದ ಲೆಕ್ಕ ಹಾಕಿ ಅಲ್ಲಿಗೆ ಸರಿಯಾದ ದತ್ತಾಂಶವನ್ನೇ ಬರೆಯುತ್ತದೆ. ಡಿಸ್ಕ್‌ಗಳನ್ನು ತಾನೇ ಹೀಗೆ ಜೋಡಿಸಿಕೊಳ್ಳುವ ಫೈಲ್ ಸಿಸ್ಟಮ್ ಜಡ್‌ಎಫ್‌ಎಸ್‌ನ 'ಸ್ಕ್ರಬ್' ಕೂಡ ಹಾಗೆಯೇ, ಆದರೆ ಅದು ದತ್ತಾಂಶ ಇರುವ ಜಾಗಗಳನ್ನಷ್ಟೇ ಓದುತ್ತದೆ. ಆದ್ದರಿಂದ ಖಾಲಿ ಜಾಗದಲ್ಲಿರುವ ಪೆಂಡಿಂಗ್ ಸೆಕ್ಟರ್ ಸ್ಕ್ರಬ್ ಆದ ಮೇಲೂ ಹಾಗೇ ಉಳಿದಿರಬಹುದು. ಗಾಬರಿ ಬೇಡ.

ಇನ್ನು ಆ 'ಪಾಸ್ಡ್'. ತಯಾರಕರು ಪ್ರತಿ ಸಾಲಿಗೂ ಒಂದು ಕನಿಷ್ಠ ಮಿತಿ ಇಟ್ಟಿರುತ್ತಾರೆ. ಮುಖ್ಯವಾದ ಸಾಲೊಂದರ ಅಂಕ ಆ ಮಿತಿ ಮುಟ್ಟುವವರೆಗೂ ಉತ್ತರ 'ಪಾಸ್ಡ್' ಅಂತಲೇ ಬರುತ್ತದೆ, ಮಿತಿಯೋ ಪಾತಾಳದಲ್ಲಿರುತ್ತದೆ. 2007ರಲ್ಲಿ ಗೂಗಲ್ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಅಧ್ಯಯನ ಮಾಡಿ ಪ್ರಕಟಿಸಿದ ಫಲಿತಾಂಶ ನೋಡಿ: ಹೀಗೆ ಅನುಮಾನದ ಪಟ್ಟಿಗೆ ಮೊದಲ ಸೆಕ್ಟರ್ ಸೇರಿದ ಡಿಸ್ಕ್, ಒಂದೂ ಸೇರದ ಡಿಸ್ಕಿಗಿಂತ 60 ದಿನಗಳೊಳಗೆ ಕೆಡುವ ಸಾಧ್ಯತೆ 16 ಪಟ್ಟು ಹೆಚ್ಚು. ಹಾಗಂತ ಸೊನ್ನೆ ಇದ್ದರೆ ನೆಮ್ಮದಿಯಾಗಿ ಮಲಗಬಹುದು ಅಂತಲೂ ಅಲ್ಲ. ಅದೇ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳ ಪೈಕಿ ಮೂರನೇ ಒಂದು ಭಾಗಕ್ಕೂ ಹೆಚ್ಚಿನವು ಯಾವ ಸ್ಮಾರ್ಟ್ ಸೂಚನೆಯನ್ನೂ ಕೊಡದೆಯೇ ಹೋಗಿದ್ದವು.

ಹಾಗಾಗಿ ನೋಡಬೇಕಾದದ್ದು ಕಚ್ಚಾ ಸಂಖ್ಯೆಗಳನ್ನು, ಅದಕ್ಕಿಂತ ಹೆಚ್ಚಾಗಿ ಅವು ಏರುತ್ತಿವೆಯೇ ಅನ್ನುವುದನ್ನು. ಸ್ಮಾರ್ಟ್ ವರದಿ ತೋರಿಸುವ ಸ್ಮಾರ್ಟ್‌ಸಿಟಿಎಲ್ ತಂತ್ರಾಂಶದಲ್ಲಿ 5, 187, 197, 198 (187 ಮತ್ತು 198 ತಿದ್ದಲಾಗದ ತಪ್ಪುಗಳ ಲೆಕ್ಕ) ಈ ನಾಲ್ಕು ಸಾಲುಗಳನ್ನು ಬರೆದಿಟ್ಟುಕೊಳ್ಳಿ, ಡಿಸ್ಕ್ ತನ್ನನ್ನು ತಾನೇ ಉದ್ದಕ್ಕೂ ಓದಿ ನೋಡುವ ಲಾಂಗ್ ಟೆಸ್ಟ್ ಓಡಿಸಿ, ವಾರ ಬಿಟ್ಟು ಮತ್ತೆ ನೋಡಿ. ಏರಿದ್ದರೆ ಅಥವಾ ಲಾಂಗ್ ಟೆಸ್ಟ್ ನಡುವೆ 'ರೀಡ್ ಫೇಲ್ಯೂರ್' ಅಂತ ನಿಂತರೆ ಚರ್ಚೆ ಬೇಡ, ಬದಲಿಸಿ. 199 (ದತ್ತಾಂಶ ಸಾಗುವಾಗ ಆದ ತಪ್ಪುಗಳ ಲೆಕ್ಕ) ಮಾತ್ರ ಏರುತ್ತಿದ್ದರೆ ದೋಷ ಬಹುಮಟ್ಟಿಗೆ ಸಾಟಾ ಕೇಬಲ್‌ದು. ಕೇಬಲ್ ಬದಲಿಸಿ, ಡಿಸ್ಕ್ ಎಸೆಯಬೇಡಿ. ಆ ಲೆಕ್ಕ ಮುಂದೆ ಏರುವುದು ನಿಲ್ಲುತ್ತದೆ, ಇಳಿಯುವುದಂತೂ ಇಲ್ಲ. ಸೀಗೇಟ್ ಡಿಸ್ಕ್‌ಗಳ 1 ಮತ್ತು 7ನೇ ಸಾಲುಗಳಲ್ಲಿ ಕೋಟಿಗಟ್ಟಲೆ ಸಂಖ್ಯೆ ಕಂಡರೆ ಬೆಚ್ಚಬೇಡಿ, ಅವರು ಅಲ್ಲಿ ಎರಡು ಲೆಕ್ಕಗಳನ್ನು ಒಂದೇ ಸಂಖ್ಯೆಯೊಳಗೆ ತುರುಕುತ್ತಾರೆ.

ಅದೇ ಮಾಡೆಲ್ ಬೇಕೇ ಅನ್ನುವ ಪ್ರಶ್ನೆಗೆ ಎರಡೇ ಮಾತು. ಹೊಸದು ಬೈಟ್‌ಗಳ ಲೆಕ್ಕದಲ್ಲಿ ಹಳೆಯದಕ್ಕಿಂತ ಒಂದಿಷ್ಟೂ ಚಿಕ್ಕದಿರಬಾರದು. ಈಗ ತಯಾರಕರೆಲ್ಲ ಒಪ್ಪಿಕೊಂಡ ಒಂದೇ ಸೂತ್ರ ಪಾಲಿಸುವುದರಿಂದ ಯಾರ ಹೆಸರಿನ 4 ಟಿಬಿ ಡಿಸ್ಕ್ ತಂದರೂ 4,000,787,030,016 ಬೈಟ್ ಇರುತ್ತದೆ. ಬೇರೆ ಕಂಪನಿಯದು, ಬೇರೆ ಬ್ಯಾಚಿನದು ಆದರೆ ಒಳ್ಳೆಯದೇ: ಒಂದೇ ದೋಷ ಎಲ್ಲದಕ್ಕೂ ಒಟ್ಟಿಗೆ ತಗಲುವುದಿಲ್ಲ.

ನಿಜವಾಗಿ ನೋಡಬೇಕಾದದ್ದು ಎಸ್‌ಎಂಆರ್ ಹೌದೋ ಅಲ್ಲವೋ ಅಂತ. ಎಸ್‌ಎಂಆರ್ ಡಿಸ್ಕಿನಲ್ಲಿ ಟ್ರ್ಯಾಕ್‌ಗಳು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ. ನಡುವಿನ ಒಂದು ಹೆಂಚು ಬದಲಿಸಬೇಕೆಂದರೆ ಸಾಲನ್ನೇ ಮತ್ತೆ ಜೋಡಿಸಬೇಕು. ದಿನನಿತ್ಯದ ಬಳಕೆಯಲ್ಲಿ ಗೊತ್ತಾಗುವುದಿಲ್ಲ, ಜಡ್‌ಎಫ್‌ಎಸ್ ರೀಸಿಲ್ವರ್‌ನಲ್ಲಿ (ಅಲ್ಲಿ ರೀಬಿಲ್ಡ್‌ಗೆ ಇರುವ ಹೆಸರು) ಮಾತ್ರ ಗಂಟೆಗಳ ಕೆಲಸ ದಿನಗಳಾಗುತ್ತದೆ. ಸರ್ವರ್‌ಗೆಂದೇ ಮಾರುವ ಡಿಸ್ಕ್ ಅಂತ ನಂಬಿದರೂ ಸಾಲದು. ಡಬ್ಲ್ಯುಡಿ ರೆಡ್ ಸರಣಿಯ 2ರಿಂದ 6 ಟಿಬಿವರೆಗಿನ ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ಇದ್ದದ್ದು ಜನರಿಗೆ ಗೊತ್ತಾದದ್ದು 2020ರಲ್ಲಿ. ಆಮೇಲೆಯೇ ಟ್ರ್ಯಾಕ್‌ಗಳು ಹಾಗೆ ಒಂದರ ಮೇಲೊಂದು ಕೂರದ ಸಿಎಂಆರ್ ಡಿಸ್ಕ್‌ಗಳಿಗೆ 'ರೆಡ್ ಪ್ಲಸ್' ಅನ್ನುವ ಪ್ರತ್ಯೇಕ ಹೆಸರು ಬಂತು. ಮಾಡೆಲ್ ಸಂಖ್ಯೆ ಹಿಡಿದು ತಯಾರಕರ ಪಟ್ಟಿಯಲ್ಲಿ ಸಿಎಂಆರ್ ಅಂತ ಖಾತ್ರಿ ಮಾಡಿಕೊಳ್ಳಿ.

ಹೊಸ ಡಿಸ್ಕನ್ನು ನೇರವಾಗಿ ಅರೇಗೆ ಸೇರಿಸಬೇಡಿ. ಮೊದಲು ಲಾಂಗ್ ಟೆಸ್ಟ್. ತಾಳ್ಮೆ ಇದ್ದರೆ ಲಿನಕ್ಸ್‌ನ ಬ್ಯಾಡ್‌ಬ್ಲಾಕ್ಸ್ ತಂತ್ರಾಂಶದ ಬರೆಯುವ ಪರೀಕ್ಷೆ: ನಾಲ್ಕು ವಿನ್ಯಾಸ ಬರೆದು ನಾಲ್ಕು ಸಲ ಓದುತ್ತದೆ, 8 ಟಿಬಿಗೆ ಸುಮಾರು ನಾಲ್ಕು ದಿನ. ದೊಡ್ಡ ಡಿಸ್ಕ್‌ಗಳಿಗೆ ಬ್ಲಾಕ್ ಗಾತ್ರ 4096 ಅಂತ ಕೊಡದಿದ್ದರೆ ಅದು ಶುರುವೇ ಆಗುವುದಿಲ್ಲ. ಈ ಪರೀಕ್ಷೆ ಇರುವುದನ್ನೆಲ್ಲ ಅಳಿಸುತ್ತದೆ, ಆದ್ದರಿಂದ ಯಾವ ಡಿಸ್ಕ್ ಅಂತ ಮೂರು ಸಲ ನೋಡಿ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರುಗಳು ಪ್ರತಿ ಬೂಟ್‌ಗೂ ಅದಲುಬದಲಾಗಬಹುದು. ನಂಬಬೇಕಾದದ್ದು ಲೇಬಲ್ ಮೇಲಿನ ಸೀರಿಯಲ್ ನಂಬರ್ ಒಂದನ್ನೇ. ಕೆಟ್ಟ ಡಿಸ್ಕ್ ಅಂತ ತಿಳಿದು ಒಳ್ಳೆಯದನ್ನು ಎಳೆದು ಅರೇ ಮುಳುಗಿಸಿಕೊಳ್ಳುವುದು ಈ ಕೆಲಸದಲ್ಲಿ ಆಗುವ ಅತಿ ಸಾಮಾನ್ಯ ತಪ್ಪು. ಡಿಸ್ಕ್ ಕೂರುವ ಪ್ರತಿ ಬೇ ಮೇಲೂ ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರ ಬರೆದು ಅಂಟಿಸಿ.

ಒಂದು ಪೋರ್ಟ್ ಖಾಲಿ ಇದ್ದರೆ ಹಳೆಯದು ಒಳಗಿರುವಾಗಲೇ ಬದಲಿಸಿ. ಜಡ್‌ಎಫ್‌ಎಸ್‌ನಲ್ಲಿ 'ಜಡ್‌ಪೂಲ್ ರೀಪ್ಲೇಸ್', ಪೂಲ್ ಹೆಸರು (ಅಲ್ಲಿ ಡಿಸ್ಕ್‌ಗಳ ಒಟ್ಟು ಗುಂಪಿಗೆ ಪೂಲ್ ಅಂತಾರೆ), ಹಳೆಯ ಡಿಸ್ಕಿನ ಐಡಿ, ಹೊಸದರ ಐಡಿ, ಅಷ್ಟೇ. ಎಂಡಿ ರೇಡ್ ನಡೆಸುವ ಎಂಡಿಎಡಿಎಂನಲ್ಲಿ ಹೊಸದನ್ನು ಮೊದಲು 'ಆಡ್' ಮಾಡಿ ಸ್ಪೇರ್ ಆಗಿ ಕೂರಿಸಿ, ಆಮೇಲೆ 'ರೀಪ್ಲೇಸ್' ಹಳೆಯದು 'ವಿತ್' ಹೊಸದು. ಹೀಗೆ ಮಾಡಿದರೆ ಹಳೆಯ ಡಿಸ್ಕಿನಿಂದ ಓದಲಾಗುವಷ್ಟನ್ನು ಅಲ್ಲಿಂದಲೇ ನಕಲು ಮಾಡಿ, ಆಗದ್ದನ್ನು ಮಾತ್ರ ಉಳಿದವುಗಳಿಂದ ಕಟ್ಟುತ್ತದೆ. ರಕ್ಷಣೆ ಒಂದು ಕ್ಷಣವೂ ತಪ್ಪುವುದಿಲ್ಲ. 16 ಸೆಕ್ಟರ್ ಕೆಟ್ಟ ಡಿಸ್ಕಿನಲ್ಲಿ ಉಳಿದ ಕೋಟ್ಯಂತರ ಸೆಕ್ಟರ್ ಇನ್ನೂ ಚೆನ್ನಾಗಿವೆ. ಅದನ್ನು ಮೊದಲೇ ಕಿತ್ತೆಸೆಯುವುದು ಕೈಯಾರೆ ದಂಡ ಕಟ್ಟಿದ ಹಾಗೆ. ಪೋರ್ಟ್ ಖಾಲಿ ಇಲ್ಲದಿದ್ದರೆ ಮೊದಲು ಬ್ಯಾಕಪ್ ಹೊಸದಾಗಿದೆಯೇ ನೋಡಿ, ಹಳೆಯದನ್ನು ಆಫ್‌ಲೈನ್ ಮಾಡಿ, ಮಷೀನ್ ಆಫ್ ಮಾಡಿ, ಅದೇ ಜಾಗಕ್ಕೆ ಹೊಸದು ಹಾಕಿ.

ಇಲ್ಲಿ ಎರಡು ಹೊಂಡಗಳಿವೆ. ಜಡ್‌ಎಫ್‌ಎಸ್‌ನಲ್ಲಿ 'ರೀಪ್ಲೇಸ್' ಬದಲು 'ಆಡ್' ಅಂತ ಹೊಡೆದರೆ ಹೊಸ ಡಿಸ್ಕ್ ಒಂಟಿ ವಿಡೆವ್ ಆಗಿ, ಅಂದರೆ ಯಾವ ರಕ್ಷಣೆಯೂ ಇಲ್ಲದ ಪ್ರತ್ಯೇಕ ಘಟಕವಾಗಿ, ಪೂಲ್‌ಗೆ ಸೇರುತ್ತದೆ. ಅದೊಂದು ಸತ್ತರೆ ಇಡೀ ಪೂಲ್ ಸತ್ತಂತೆ. ರೇಡ್‌ಜಡ್ (ಜಡ್‌ಎಫ್‌ಎಸ್‌ನದೇ ರೇಡ್) ಇರುವ ಪೂಲ್‌ನಿಂದ ಅದನ್ನು ಮತ್ತೆ ತೆಗೆಯಲೂ ಆಗುವುದಿಲ್ಲ, ಪೂಲ್ ಒಡೆದು ಹೊಸದಾಗಿ ಕಟ್ಟಬೇಕು. ಆದೇಶ ಮೊದಲ ಸಲ ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ, ಆಗ 'ಫೋರ್ಸ್' ಸೇರಿಸಿ ಮುಂದುವರಿಸುವವರಿಗೆ ಹೇಳುವುದೇನು! ಎರಡನೆಯದು ಹಳೆಯ ಡಿಸ್ಕಿನ ಪಾರ್ಟಿಷನ್ ಪಟ್ಟಿಯನ್ನು ಹೊಸದಕ್ಕೆ ನಕಲು ಮಾಡುವುದು. ಅದಕ್ಕೆ ಬಳಸುವ ಎಸ್‌ಜಿಡಿಸ್ಕ್‌ ತಂತ್ರಾಂಶದ 'ರೆಪ್ಲಿಕೇಟ್' ಆಯ್ಕೆಗೆ ಅಂಟಿಕೊಂಡು ಬರುವುದು ಹೊಸ ಡಿಸ್ಕ್, ಕೊನೆಯಲ್ಲಿ ಬರುವುದು ಮೂಲ. ತಿರುವುಮುರುವಾದರೆ ಒಳ್ಳೆಯ ಡಿಸ್ಕಿನ ಪಾರ್ಟಿಷನ್ ಪಟ್ಟಿ ಖಾಲಿ.

ಡೆಸ್ಕ್‌ಟಾಪ್ ಡಿಸ್ಕ್ ಬಳಸುವವರು ಇನ್ನೊಂದು ಗಮನಿಸಿ. ಲಿನಕ್ಸ್ ಒಂದು ಆದೇಶಕ್ಕೆ 30 ಸೆಕೆಂಡ್ ಕಾಯುತ್ತದೆ, ಕೆಲವು ಡೆಸ್ಕ್‌ಟಾಪ್ ಡಿಸ್ಕ್‌ಗಳು ಕೆಟ್ಟ ಸೆಕ್ಟರ್ ಓದಲು ಎರಡು ನಿಮಿಷಕ್ಕಿಂತ ಹೆಚ್ಚು ಒದ್ದಾಡುತ್ತವೆ. 30 ದಾಟಿದೊಡನೆ ಕರ್ನೆಲ್ ಲಿಂಕ್ ರೀಸೆಟ್ ಮಾಡುತ್ತದೆ, ಒಂದು ಸೆಕ್ಟರ್‌ನ ತಪ್ಪಿಗೆ ಇಡೀ ಡಿಸ್ಕ್ ಅರೇಯಿಂದ ಹೊರಬೀಳುತ್ತದೆ, ಅದೂ ರೀಬಿಲ್ಡ್ ನಡುವೆ. ಡಿಸ್ಕ್ ಒಪ್ಪಿದರೆ ಎಸ್‌ಸಿಟಿ ಇಆರ್‌ಸಿಯನ್ನು (ಡಿಸ್ಕ್ ಹೀಗೆ ಒದ್ದಾಡುವ ಅವಧಿಯ ಮಿತಿ) 70ಕ್ಕೆ, ಅಂದರೆ 7 ಸೆಕೆಂಡಿಗೆ ಇಡಿ. ಒಪ್ಪದಿದ್ದರೆ ಕರ್ನೆಲ್‌ನ ಕಾಯುವ ಅವಧಿಯನ್ನು 180 ಸೆಕೆಂಡಿಗೆ ಏರಿಸಿ. ಎರಡೂ ಬೂಟ್ ಆದಾಗ ಮರೆತುಹೋಗಬಹುದು, ಹಾಗಾಗಿ ಬೂಟ್ ಸ್ಕ್ರಿಪ್ಟ್‌ನಲ್ಲಿ ಹಾಕಿ.

ಹೊಸ ಡಿಸ್ಕ್ ತಿರುಗುವುದೇ ಇಲ್ಲ ಅಂದರೆ ಸತ್ತಿದೆ ಅಂತ ವಾಪಸ್ ಕಳಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಸರ್ವರ್ ದರ್ಜೆಯ ಕೆಲವು ಡಿಸ್ಕ್‌ಗಳಲ್ಲಿ, ಹೊರಗಿನ ಡಬ್ಬಿ ಒಡೆದು ತೆಗೆದ ಡಿಸ್ಕ್‌ಗಳಲ್ಲೂ, ಪವರ್ ಕನೆಕ್ಟರ್‌ನ 3ನೇ ಪಿನ್‌ಗೆ 3.3 ವೋಲ್ಟ್ ಬಂದರೆ 'ಆಫ್ ಆಗು' ಅಂತ ಅರ್ಥ. ಹಳೆಯ ಪವರ್ ಸಪ್ಲೈಗಳು ಅಲ್ಲಿ 3.3 ವೋಲ್ಟನ್ನು ಸದಾ ಕೊಡುತ್ತಿರುತ್ತವೆ. ಆ ಪಿನ್ ಮೇಲೆ ವಿದ್ಯುತ್ ಹರಿಯಲು ಬಿಡದ ಕ್ಯಾಪ್ಟಾನ್ ಟೇಪಿನ ಸಣ್ಣ ತುಂಡು ಅಂಟಿಸಿದರೆ ಡಿಸ್ಕ್ ಎದ್ದು ಕೂರುತ್ತದೆ. ಹಳೆಯ ಬಗೆಯ ಮೋಲೆಕ್ಸ್ ಪವರ್ ಕನೆಕ್ಟರ್‌ನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ಹಾಕಿದರೂ ಆಗುತ್ತದೆ, ಅದರಲ್ಲಿ 3.3 ವೋಲ್ಟ್ ತಂತಿಯೇ ಇರುವುದಿಲ್ಲ. ಆದರೆ ಪ್ಲಾಸ್ಟಿಕ್ ಎರಕ ಹೊಯ್ದು ಮುಚ್ಚಿದ ಅಡಾಪ್ಟರ್‌ಗಳು ಒಳಗೇ ಶಾರ್ಟ್ ಆಗಿ ಹೊತ್ತಿಕೊಂಡದ್ದಿದೆ. ತಂತಿಗಳು ಒಂದೊಂದಾಗಿ ಕಾಣುವ, ಕ್ರಿಂಪ್ ಮಾಡಿದ ಅಡಾಪ್ಟರ್ ತೆಗೆದುಕೊಳ್ಳಿ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ತೆಗೆದ ಡಿಸ್ಕನ್ನು ಏನು ಮಾಡುವುದು? ಬ್ಯಾಕಪ್‌ಗೆ ಇರಲಿ ಅಂತ ಕಪಾಟಿನಲ್ಲಿ ಇಡಬೇಡಿ. ಸರ್ವರ್‌ಗೆ ಬೇಡವಾದದ್ದು ಬ್ಯಾಕಪ್‌ಗೆ ಹೇಗೆ ಆದೀತು? ವಾರಂಟಿಗೆ ಕಳಿಸುವುದಾದರೆ ಮೊದಲು ಅಳಿಸಬೇಕು, ಅಲ್ಲಿಯೂ ಮತ್ತೆ ಫಾರ್ಮ್ಯಾಟ್ ನೆನಪಾಗುತ್ತದೆ. ಆಗಲೇ ಮೀಸಲು ಜಾಗಕ್ಕೆ ತಿರುಗಿಸಿದ ಸೆಕ್ಟರ್‌ಗಳ ಹಳೆಯ ಜಾಗಕ್ಕೆ ಹೊರಗಿನಿಂದ ದಾರಿಯೇ ಇಲ್ಲ, ಆದ್ದರಿಂದ ಫಾರ್ಮ್ಯಾಟ್ ಬರೆಯುವ ಸೊನ್ನೆಗಳು ಅಲ್ಲಿಗೆ ತಲುಪುವುದಿಲ್ಲ. ಡಿಸ್ಕ್ ತಾನೇ ಒಳಗಿನಿಂದ ಅಳಿಸುವ 'ಎನ್‌ಹಾನ್ಸ್ಡ್ ಸೆಕ್ಯೂರ್ ಇರೇಸ್' ಆದೇಶದ ವ್ಯಾಪ್ತಿಗೆ ಆ ಜಾಗಗಳೂ ಬರುತ್ತವೆ. ಲಿನಕ್ಸ್‌ನ ಎಚ್‌ಡಿಪಾರ್ಮ್ ತಂತ್ರಾಂಶದಿಂದ ಅದನ್ನು ಕೊಡಬಹುದು. ಯುಎಸ್‌ಬಿ ಡಾಕ್ ಮೂಲಕ ಕೊಡಬೇಡಿ, ನೇರ ಸಾಟಾ ಪೋರ್ಟ್‌ಗೆ ಸಿಕ್ಕಿಸಿ ಕೊಡಿ. ಕೆಟ್ಟ ಡಿಸ್ಕ್ ನಡುವೆ ನಿಂತುಬಿಟ್ಟರೆ, ವಾರಂಟಿ ಆಸೆ ಬಿಟ್ಟು ತಟ್ಟೆಗಳಿಗೇ ಡ್ರಿಲ್ ಇಳಿಸಿ.