ಮೂತ್ರಕೋಶದ ಗ್ಯಾಸ್ ಹೊಟ್ಟೆಯಿಂದ ಇಳಿದದ್ದಲ್ಲ

ಪ್ರಶ್ನೆ: ಅಮ್ಮನಿಗೆ ಎಪ್ಪತ್ತು ದಾಟಿದೆ, ಶುಗರ್ ಇದೆ. ಸ್ಕ್ಯಾನ್‌ನಲ್ಲಿ ಮೂತ್ರಕೋಶದ ಗೋಡೆಯಲ್ಲಿ ಗ್ಯಾಸ್ ಇದೆ ಅಂದರು. ಹೊಟ್ಟೆಯ ಗ್ಯಾಸ್ ಕೆಳಗಿಳಿದಿದೆಯಾ?

ಇಲ್ಲ. ಇದನ್ನು ಹೇಳಿ ಹೇಳಿ ಸಾಕಾಗಿದೆ, ಆದರೂ ಮತ್ತೆ ಹೇಳುತ್ತೇನೆ. ಗ್ಯಾಸ್ ಅನ್ನುವ ಪದ ಕಿವಿಗೆ ಬಿದ್ದರೆ ಸಾಕು, ಮನೆಯಲ್ಲಿ ಜೀರಿಗೆ ಕಷಾಯ, ಓಮದ ನೀರು, ಸೋಡಾ ಎಲ್ಲ ಶುರುವಾಗುತ್ತವೆ, ಆಲೂಗಡ್ಡೆ, ಕಡಲೆಬೇಳೆ ಬಂದ್ ಆಗುತ್ತವೆ, ಅಷ್ಟರಲ್ಲಿ ಎರಡು ದಿನ ಕಳೆದಿರುತ್ತದೆ. ಆ ಎರಡು ದಿನವೇ ಅಪಾಯ. ಊಟದ ದಾರಿ ಬೇರೆ, ಮೂತ್ರದ ದಾರಿ ಬೇರೆ, ನಡುವೆ ಬಾಗಿಲಿಲ್ಲ. ಕಾಯಿಲೆಯಿಂದ ಕರುಳಿಗೂ ಮೂತ್ರಕೋಶಕ್ಕೂ ನಡುವೆ ತೂತು ಬಿದ್ದರೆ ಗಾಳಿ ಬರಬಹುದು, ಮೂತ್ರ ತೆಗೆಯಲು ನಳಿಗೆ ಹಾಕುವಾಗಲೂ ಸ್ವಲ್ಪ ಒಳಗೆ ಹೋಗಬಹುದು. ಆದರೆ ಗೋಡೆಯೊಳಗೇ ಗುಳ್ಳೆ ಎದ್ದಿದ್ದರೆ ವಿಷಯ ಬೇರೆ.

ಆ ಗಾಳಿ ಅಲ್ಲೇ ಹುಟ್ಟಿದ್ದು. ಇಡ್ಲಿ ಹಿಟ್ಟು ರಾತ್ರಿಯಿಡೀ ಉಬ್ಬುತ್ತದಲ್ವಾ, ಹಾಗೆ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಕ್ಕೂ ಇಳಿಯುತ್ತದೆ. ಇ. ಕೋಲೈ, ಕ್ಲೆಬ್ಸಿಯೆಲ್ಲಾ ತರಹದ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಬಿಡುತ್ತವೆ. ಇದಕ್ಕೆ ಎಂಫಿಸೆಮ್ಯಾಟಸ್ ಸಿಸ್ಟೈಟಿಸ್ ಅನ್ನುತ್ತಾರೆ. ಅಪರೂಪದ ಸೋಂಕು, ಶುಗರ್ ಇರುವ ವಯಸ್ಸಾದ ಹೆಂಗಸರಲ್ಲಿ ಜಾಸ್ತಿ.

ಕಿಬ್ಬೊಟ್ಟೆ ನೋವು, ಉರಿಮೂತ್ರ, ಮೂತ್ರದಲ್ಲಿ ರಕ್ತ ಕಾಣಬಹುದು. ಮೂತ್ರದ ಜೊತೆ ಗಾಳಿ ಬುಸ್ಸೆಂದು ಬರುವುದು ತೀರಾ ಕಡಿಮೆ ಜನರಲ್ಲಿ. ಕೆಲವರಿಗೆ ಏನೂ ಅನ್ನಿಸುವುದೇ ಇಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಚಿಕಿತ್ಸೆ ಅಂದರೆ ಆಸ್ಪತ್ರೆಗೆ ಸೇರಿಸಿ ಆಂಟಿಬಯೋಟಿಕ್, ಮೂತ್ರ ಖಾಲಿಯಾಗಲು ನಳಿಗೆ, ಶುಗರ್ ಹತೋಟಿ. ಹೆಚ್ಚಿನವರು ಆಪರೇಷನ್ ಇಲ್ಲದೆ ಗುಣವಾಗುತ್ತಾರೆ, ತಡಮಾಡದಿದ್ದರೆ.

ನೀವು ಕೇಳದ ಇನ್ನೊಂದು ವಿಷಯ. ಬಹಳ ವರ್ಷದ ಶುಗರ್ ಮೂತ್ರಕೋಶದ ನರಗಳನ್ನೂ ಕೆಡಿಸುತ್ತದೆ. ತುಂಬಿದ್ದು ಗೊತ್ತಾಗುವುದಿಲ್ಲ, ಹೋಗಿ ಬಂದರೂ ಪೂರ್ತಿ ಖಾಲಿಯಾಗುವುದಿಲ್ಲ, ಒಳಗೆ ನಿಂತ ಸಿಹಿ ನೀರು ಬ್ಯಾಕ್ಟೀರಿಯಾಕ್ಕೆ ಹಬ್ಬ. ಇದರ ಮೇಲೆ ನಮ್ಮ ಅಮ್ಮಂದಿರು ರಾತ್ರಿ ಏಳಬೇಕಲ್ಲ ಅಂತ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಶೌಚಾಲಯ ಸರಿಯಿಲ್ಲ ಅಂತ ನೀರೇ ಕುಡಿಯುವುದಿಲ್ಲ, ಬಂದದ್ದನ್ನೂ ತಡೆದುಕೊಂಡು ಕೂರುತ್ತಾರೆ. ಸುಮ್ನೆ ಬೈದು ಪ್ರಯೋಜನವಿಲ್ಲ, ಅವರ ಜೊತೆ ಎದ್ದು ಹೋಗಿ. ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿಯುತ್ತದೆ ಅಂತ ಮಾಮೂಲಿ ಅಲ್ಟ್ರಾಸೌಂಡ್‌ನಲ್ಲೇ ಅಳೆಯಬಹುದು. ಮುಂದಿನ ಸಲ ಹೋದಾಗ ಡಾಕ್ಟರನ್ನು ಕೇಳಿ, ಅದನ್ನೂ ಮಾಡಿಸಿ.