ಮಿಡಿ ಕೀಬೋರ್ಡಿಗೆ ತಿದಿ ಎಲ್ಲಿದೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಿಂದುಸ್ತಾನಿ ಸಂಗೀತ ಕಲಿಯುವವರ ಮನೆಯಲ್ಲಿ ಹಾರ್ಮೋನಿಯಂ ಇರುವುದು ಹೊಸದೇನಲ್ಲ. ಈಗ ಅದರ ಪಕ್ಕಕ್ಕೆ ಲ್ಯಾಪ್‌ಟಾಪು, ಒಂದು ಸಣ್ಣ ಮಿಡಿ ಕೀಬೋರ್ಡು ಬಂದು ಕೂತಿವೆ. ಯುಎಸ್‌ಬಿ ಕೇಬಲ್ ಸಿಕ್ಕಿಸಿದರೆ ದೀಪ ಹತ್ತುತ್ತದೆ. ಕೀ ಒತ್ತಿದರೆ ಮಾತ್ರ ಸದ್ದಿಲ್ಲ. ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಒಯ್ಯಬೇಡಿ. ಅದರೊಳಗೆ ಸದ್ದು ಹುಟ್ಟಿಸುವ ಭಾಗವೇ ಇಲ್ಲ.

ಅದು ಕಳಿಸುವುದು ಬರೀ ಅಂಕಿ. ವಾದ್ಯಗಳೂ ಕಂಪ್ಯೂಟರುಗಳೂ ಮಾತಾಡಿಕೊಳ್ಳುವ ಈ ಅಂಕಿಗಳ ಭಾಷೆಯ ಹೆಸರೇ ಮಿಡಿ (MIDI). ನಡುವಿನ ಸಪ್ತಕದ ‘ಕಪ್ಪು ಒಂದ’ನ್ನು, ಅಂದರೆ ಮೊದಲ ಕಪ್ಪು ಕೀಯನ್ನು, ಒತ್ತಿದರೆ ‘ಸ್ವರ 61 ಶುರು, ವೇಗ 90’ ಎಂಬಂಥ ಸಂದೇಶ ಹೋಗುತ್ತದೆ, ಬೆರಳು ಎತ್ತಿದರೆ ‘61 ನಿಲ್ಲಿಸು’. ಸ್ವರಗಳಿಗೆ 0ರಿಂದ 127ರವರೆಗೆ ಸಂಖ್ಯೆ ಕೊಟ್ಟಿದ್ದಾರೆ. ವೇಗ ಅಳೆಯಲು ಪ್ರತಿ ಕೀ ಅಡಿಯಲ್ಲಿ ಎರಡು ಸ್ವಿಚ್ಚುಗಳಿವೆ. ಒಂದು ಮುಚ್ಚಿ ಇನ್ನೊಂದು ಮುಚ್ಚುವ ನಡುವಿನ ಸಮಯ ಕಡಿಮೆಯಾದಷ್ಟೂ ಹೊಡೆತ ಜೋರು. 1983ರಲ್ಲಿ ಸೀಕ್ವೆನ್ಶಿಯಲ್ ಮತ್ತು ರೋಲ್ಯಾಂಡ್ ಎಂಬ ಎರಡು ಕಂಪನಿಗಳ ಸಿಂಥಸೈಜರ್‌ಗಳನ್ನು ಜೋಡಿಸಿ ಜಗತ್ತಿಗೆ ತೋರಿಸಿದ್ದು ಇದೇ ಅಂಕಿಗಳ ಭಾಷೆಯಲ್ಲಿ. ಅದಕ್ಕಾಗಿ ದುಡಿದ ಡೇವ್ ಸ್ಮಿತ್ ಮತ್ತು ಇಕುಟಾರೊ ಕಕೆಹಾಶಿ ಅವರಿಗೆ 2013ರಲ್ಲಿ ಗ್ರ್ಯಾಮಿಯ ತಾಂತ್ರಿಕ ಪ್ರಶಸ್ತಿ ಬಂತು.

ಸದ್ದು ಬರಬೇಕಾದದ್ದು ಲ್ಯಾಪ್‌ಟಾಪಿನಲ್ಲಿ ಸಂಗೀತ ರೆಕಾರ್ಡ್ ಮಾಡುವ ಸಾಫ್ಟ್‌ವೇರಿನಿಂದ. ಸೆಟ್ಟಿಂಗಿಗೆ ಹೋಗಿ ಮಿಡಿ ಇನ್‌ಪುಟ್ ಪಟ್ಟಿಯಲ್ಲಿ ನಿಮ್ಮ ಕೀಬೋರ್ಡನ್ನು ಆನ್ ಮಾಡಿ, ಹೊಸ ಟ್ರ್ಯಾಕಿಗೆ ಒಂದು ವಾದ್ಯ ಹಾಕಿ, ಆ ಟ್ರ್ಯಾಕಿನ ರೆಕಾರ್ಡಿಂಗ್ ಬಟನ್ ಮತ್ತು ಮಾನಿಟರ್ (ನುಡಿಸಿದ್ದನ್ನು ಆಗಲೇ ಕೇಳಿಸುವ ಬಟನ್) ಎರಡನ್ನೂ ಒತ್ತಿ. ಬೆರಳಿಗಿಂತ ಸ್ವರ ಹಿಂದೆ ಬಿದ್ದರೆ ‘ಬಫರ್’ ಇಳಿಸಬೇಕು. ಬಫರ್ ಎಂದರೆ ಹೊರಬಿಡುವ ಮೊದಲು ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ಸದ್ದಿನ ಮಾದರಿಗಳ (ಸ್ಯಾಂಪಲ್) ಗುಂಪು. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ 1,024ರ ಬಫರ್ ಎಂದರೆ ಸುಮಾರು 23 ಮಿಲಿಸೆಕೆಂಡ್ ತಡ. 128ಕ್ಕೆ ಇಳಿಸಿದರೆ ಮೂರೇ. ವಿಂಡೋಸ್‌ನಲ್ಲಿ ಇದಕ್ಕೆ, ಸದ್ದಿನ ತಡ ತಗ್ಗಿಸುವ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳುವುದು ಒಳ್ಳೆಯದು.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಹಾರ್ಮೋನಿಯಂ ಕಲಿತ ಕೈಗೆ ಮಾತ್ರ ಇದು ಸಾಲದು. ಹಾರ್ಮೋನಿಯಂನಲ್ಲಿ ಕೀಯನ್ನು ಎಷ್ಟು ಜೋರಾಗಿ ಹೊಡೆದರೂ ನಾದ ಏರುವುದಿಲ್ಲ, ಏರಿಸುವುದು ತಿದಿ ಒತ್ತುವ ಎಡಗೈ. ಕೀಬೋರ್ಡಿನ ಎಡಬದಿಯಲ್ಲಿ ಮಾಡ್ಯುಲೇಶನ್ ಎಂಬ ಚಕ್ರವಿದೆ. ಅದೂ 0ರಿಂದ 127ರವರೆಗಿನ ಅಂಕಿಯನ್ನೇ ಕಳಿಸುತ್ತದೆ. ಆ ಅಂಕಿಗೆ ಅರ್ಥ ಕೊಡುವುದು ನಾವು. ಚಕ್ರವನ್ನು ಕಂಟ್ರೋಲರ್ 11ಕ್ಕೆ, ಅಂದರೆ ನಾದವನ್ನು ಏರಿಳಿಸುವ ‘ಎಕ್ಸ್‌ಪ್ರೆಶನ್’ಗೆ ಕಟ್ಟಿ, ಹೊಡೆತದ ವೇಗವನ್ನು ಒಂದೇ ಮಟ್ಟಕ್ಕೆ ನಿಲ್ಲಿಸಿಬಿಟ್ಟರೆ ಎಡಗೈಗೆ ಅದರ ಹಳೆಯ ಕೆಲಸ ವಾಪಸ್ ಸಿಗುತ್ತದೆ. ನನ್ನ ಮಟ್ಟಿಗೆ ಇಡೀ ಸೆಟ್ಟಿಂಗಿನಲ್ಲಿ ಬಹಳ ಮುಖ್ಯವಾದದ್ದು ಇದೇ.

ಇನ್ನು ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟದ್ದಕ್ಕೆ, ಅದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾರದು ಎಂಬುದೂ ಒಂದು ಆಕ್ಷೇಪವಾಗಿತ್ತು. ಆ ನಿಷೇಧ ಸಡಿಲಾಗಲು 1971ರವರೆಗೆ ಕಾಯಬೇಕಾಯಿತು. ಮಿಡಿ ಕೀಬೋರ್ಡಿನಲ್ಲಿ ಜಾರುವುದಕ್ಕೆಂದೇ ಪಿಚ್ ಬೆಂಡ್ ಚಕ್ರವಿದೆ. ಅದರ ಪೂರ್ಣ ಚಲನೆಗೆ 16,384 ಹಂತಗಳು, ನಟ್ಟನಡುವಿನದು 8,192. ಸಾಮಾನ್ಯವಾಗಿ ಇದು ಮೇಲಕ್ಕೂ ಕೆಳಕ್ಕೂ ಎರಡೆರಡು ಅರ್ಧಸ್ವರ ಮಾತ್ರ ಜಾರುತ್ತದೆ. ಶುದ್ಧ ಗಾಂಧಾರದಿಂದ (ಗ) ಪಂಚಮಕ್ಕೆ (ಪ) ಮೂರು ಬೇಕಾದ್ದರಿಂದ ಸಾಫ್ಟ್‌ವೇರಿನಲ್ಲಿ ಮೂರು ಎಂದು ಬದಲಿಸಿ. ಹನ್ನೆರಡಕ್ಕೆ ಏರಿಸಬೇಡಿ, ಬೆರಳು ತುಸು ಅಲುಗಿದರೂ ಸ್ವರ ತಪ್ಪುತ್ತದೆ. ಚಕ್ರ ತನ್ನ ಚಾನೆಲ್ಲಿನ (ಮಿಡಿ ಸಂದೇಶಗಳು ಹೋಗುವ ದಾರಿಯ) ಎಲ್ಲ ಸ್ವರಗಳನ್ನೂ ಒಟ್ಟಿಗೆ ಎಳೆಯುವುದರಿಂದ ತಂಬೂರಿಯ ಷಡ್ಜವನ್ನು ಬೇರೆ ಟ್ರ್ಯಾಕಿನಲ್ಲಿ, ಬೇರೆ ಚಾನೆಲ್ಲಿನಲ್ಲಿ ಇಡಿ, ಚಾನೆಲ್ಲುಗಳು ಹದಿನಾರಿವೆ.

ಗ ಒತ್ತಿ ಚಕ್ರವನ್ನು ಪೂರ್ತಿ ಮೇಲೆತ್ತಿದರೂ ಪ ಸಿಗುತ್ತದೆ, ಆದರೆ ಚಕ್ರವನ್ನು ಅಲ್ಲೇ ಹಿಡಿದಿರಬೇಕು, ಬಿಟ್ಟರೆ ಸ್ವರ ಮತ್ತೆ ಗಾಂಧಾರಕ್ಕೆ ಜಾರುತ್ತದೆ. ಬದಲಿಗೆ ಚಕ್ರವನ್ನು ಪೂರ್ತಿ ಕೆಳಗೆಳೆದು ಪ ಒತ್ತಿ. ಕೇಳುವುದು ಗ. ಆಮೇಲೆ ಚಕ್ರವನ್ನು ನಿಧಾನಕ್ಕೆ ಬಿಡುತ್ತ ಬನ್ನಿ: ಸ್ಪ್ರಿಂಗ್ ಅದನ್ನು ನಡುವಿಗೆ ತಂದು ನಿಲ್ಲಿಸುತ್ತದೆ, ಪಂಚಮ ಕರಾರುವಾಕ್ಕಾಗಿ ಕೂರುತ್ತದೆ.