ಬೆಕ್ಕು ಅಂದರೆ ಸಣ್ಣ ನಾಯಿಯಲ್ಲ

"ನಾಯಿಗಿ ಹಾಕೋ ಔಷಧನೇ ಬೆಕ್ಕಿಗೂ ಹಾಕ್ರಿ, ಅರ್ಧ ಹಾಕ್ರಿ, ಏನೂ ಆಗಂಗಿಲ್ಲ." ಕಲಬುರಗಿಯ ಔಷಧ ಅಂಗಡಿಗಳಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಮರುದಿನ ಬೆಕ್ಕು ನಡುಗುತ್ತಾ ಬಿದ್ದರೆ "ಯಾರೋ ವಿಷ ಹಾಕ್ಯಾರ", "ನೆದರು ಆಗ್ಯಾದ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಹಿಂದಿನ ಸಂಜೆ ಅದರ ಕತ್ತಿನ ಮೇಲೆ ಬಿಟ್ಟ ನಾಲ್ಕು ಹನಿಯ ನೆನಪು ಯಾರಿಗೂ ಬರುವುದಿಲ್ಲ.

ಆ ಹನಿಗಳಲ್ಲಿರುವ ಅಪಾಯದ ವಸ್ತುವಿನ ಹೆಸರು ಪರ್ಮೆಥ್ರಿನ್. ನಾಯಿಯ ಚಿಗಟ, ಉಣ್ಣಿಗಳಿಗೆಂದು ಬೆನ್ನ ಮೇಲೆ ಹಾಕುವ ಕೆಲವು ಔಷಧಗಳಲ್ಲಿ ಇದು ಶೇ. 45ರಿಂದ 65ರಷ್ಟು ಇರುತ್ತದೆ. ಮನುಷ್ಯರ ಕಜ್ಜಿಗೆ ಹಚ್ಚುವ ಮುಲಾಮಿನಲ್ಲಿ ಇರುವುದು ಶೇ. 5 ಮಾತ್ರ. ಈಗ 'ಅರ್ಧ ಹಾಕ್ರಿ' ಎಂಬ ಲೆಕ್ಕವನ್ನೇ ನೋಡೋಣ. ಶೇ. 65ರ ಔಷಧ 1 ಮಿಲಿಲೀಟರಿನಲ್ಲಿ 650 ಮಿಲಿಗ್ರಾಂ ಪರ್ಮೆಥ್ರಿನ್ ಇರುತ್ತದೆ. ಅದನ್ನು 10 ಕಿಲೋ ನಾಯಿಗೆ ಹಾಕಿದರೆ ಕಿಲೋಗೆ 65 ಮಿಲಿಗ್ರಾಂ ಆಯಿತು. ಅರ್ಧವನ್ನು 3 ಕಿಲೋ ಬೆಕ್ಕಿಗೆ ಹಾಕಿದರೆ ಕಿಲೋಗೆ 108 ಮಿಲಿಗ್ರಾಂ! ಅರ್ಧ ಎಂದುಕೊಂಡದ್ದು ನಾಯಿಗಿಂತ ಹೆಚ್ಚಾಯಿತು. ಆದರೂ ಇದು ಬರೀ ಲೆಕ್ಕದ ತಪ್ಪಾಗಿದ್ದರೆ ನಾನು ಇಷ್ಟು ಕಳವಳಪಡುತ್ತಿರಲಿಲ್ಲ. ಲೆಕ್ಕ ಸರಿಮಾಡಿ ಹಾಕಿದರೂ ಬೆಕ್ಕಿನ ದೇಹ ಅದನ್ನು ತಡೆಯುವುದಿಲ್ಲ.

ಪರ್ಮೆಥ್ರಿನ್ ಹುಟ್ಟಿನ ಕಥೆ ಹೂವಿನಿಂದ ಶುರುವಾಗುತ್ತದೆ. ಸೇವಂತಿಗೆಯ ಬಳಗದ ಪೈರೆಥ್ರಮ್ ಎಂಬ ಹೂವನ್ನು ಒಣಗಿಸಿ ಪುಡಿಮಾಡಿ ಪರ್ಷಿಯಾ, ಡಾಲ್ಮೇಷಿಯಾ (ಇಂದಿನ ಕ್ರೊಯೇಷಿಯಾದ ಕರಾವಳಿ) ಕಡೆಯ ಜನ ಹುಳಹುಪ್ಪಡಿಗೆ ಬಳಸುತ್ತಿದ್ದರು. 1924ರಲ್ಲಿ ರಸಾಯನ ವಿಜ್ಞಾನಿಗಳಾದ ಸ್ಟಾಡಿಂಗರ್ ಮತ್ತು ರುಜಿಕ್ಕಾ ಅದರ ರಾಸಾಯನಿಕ ರಚನೆಯ ಬಗ್ಗೆ ಬರೆದರು. ಇಬ್ಬರಿಗೂ ಮುಂದೆ ನೊಬೆಲ್ ಬಂತು. ಹೂವಿನ ವಿಷಕ್ಕೆ ಒಂದು ಕೊರತೆ ಇತ್ತು, ಬಿಸಿಲು ಬಿದ್ದರೆ ಕೆಟ್ಟುಹೋಗುತ್ತಿತ್ತು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮೈಕೆಲ್ ಎಲಿಯಟ್ ಮತ್ತು ಅವರ ಜೊತೆಗಾರರು 1973ರಲ್ಲಿ ಬಿಸಿಲಿಗೂ ಜಗ್ಗದ ಪರ್ಮೆಥ್ರಿನ್ ತಯಾರಿಸಿದರು. ನಮ್ಮ ತೊಗರಿ ಹೊಲಗಳಲ್ಲಿ ಕಾಯಿಕೊರಕಕ್ಕೆ ಹೊಡೆಯುವ 'ಎಣ್ಣಿ'ಗಳಲ್ಲಿ ಸೈಪರ್‌ಮೆಥ್ರಿನ್ ಇದೇ ಮನೆತನದ್ದು. ಎಮ್ಮೆಯ ಉಣ್ಣಿಗೆ ಹಚ್ಚುವ ಡೆಲ್ಟಾಮೆಥ್ರಿನ್ ಕೂಡ ಅದರದೇ ದಾಯಾದಿ. ಆದ್ದರಿಂದ ಎಮ್ಮೆಗೆಂದು ತಂದು ಉಳಿದದ್ದನ್ನು ದಾಲ್ ಮಿಲ್ಲಿನಲ್ಲಿ ಇಲಿ ಹಿಡಿಯುವ ಬೆಕ್ಕಿಗೂ ಸವರುವುದು ಅಷ್ಟೇ ಅಪಾಯ. ಹೂವಿನಿಂದ ಬಂದದ್ದು, ನೈಸರ್ಗಿಕ ಎಂಬ ಮಾತಿಗೂ ಮರುಳಾಗಬೇಡಿ.

ನರತಂತುವಿನ ಪೊರೆಯಲ್ಲಿ ಸೋಡಿಯಂ ಒಳಬರುವ ಸಣ್ಣ ದ್ವಾರಗಳಿವೆ. ಸಂದೇಶ ಬಂದಾಗ ತೆರೆದು, ಕ್ಷಣದೊಳಗೆ ಮುಚ್ಚಿಕೊಳ್ಳುತ್ತವೆ. ಪರ್ಮೆಥ್ರಿನ್ ಅವುಗಳನ್ನು ಮುಚ್ಚಲು ಬಿಡುವುದಿಲ್ಲ. ಒಂದು ಸಂದೇಶ ಹೋಗಬೇಕಾದ ಕಡೆ ಹತ್ತಾರು ಹೋಗುತ್ತವೆ, ಸ್ನಾಯು ಸುಮ್ಮನಿರಲಾಗದೆ ಅದುರುತ್ತದೆ. ಚಿಗಟ ಸಾಯುವುದು ಹೀಗೆ. ನಾಯಿ, ಮನುಷ್ಯ ಸಾಯದಿರುವುದಕ್ಕೆ ಕಾರಣ ಬಹುಮಟ್ಟಿಗೆ ಯಕೃತ್ತು.

ನನಗೆ ಅತ್ಯಂತ ಸೋಜಿಗದ ಭಾಗ ಇದೇ. ಜಿಡ್ಡು ಹಿಡಿದ ಪಾತ್ರೆ ಬರೀ ನೀರಿಗೆ ಸ್ವಚ್ಛವಾಗುವುದಿಲ್ಲ, ಬೂದಿಯೋ ಸೋಪೋ ಬೇಕು. ಕೊಬ್ಬಿನಲ್ಲಿ ಕರಗುವ ವಿಷಗಳನ್ನು ಮೂತ್ರದಲ್ಲಿ ಹೊರಹಾಕಲು ಯಕೃತ್ತಿಗೂ ಅಂಥದ್ದೊಂದು ಬೇಕು. ಅದು ವಿಷವನ್ನು ಒಡೆದು, ಆ ತುಣುಕಿಗೆ ಗ್ಲುಕುರಾನಿಕ್ ಆಮ್ಲವನ್ನು ಅಂಟಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಅಂಟಿಸುವ ಕಿಣ್ವಗಳಲ್ಲಿ ಒಂದು ಯುಜಿಟಿ1ಎ6. ಬೆಕ್ಕಿನಲ್ಲಿ ಅದರ ವಂಶವಾಹಿ ಇದೆ, ಆದರೆ ಮುರಿದಿದೆ. ಕಿಣ್ವ ತಯಾರಾಗುವುದೇ ಇಲ್ಲ. 2011ರಲ್ಲಿ ಪ್ರಕಟವಾದ ಸಂಶೋಧನೆ ಸಿಂಹ, ಚೀತಾಗಳಂಥ ಬೆಕ್ಕಿನ ಕುಲದ ಉಳಿದ ಪ್ರಾಣಿಗಳಲ್ಲೂ ಇದೇ ಒಡಕನ್ನು ಕಂಡಿತು. ತಲೆತಲಾಂತರದಿಂದ ಬರೀ ಮಾಂಸ ತಿಂದು ಬದುಕಿದ ಕುಲಕ್ಕೆ ಸೊಪ್ಪುಸದೆಯ ವಿಷ ಕಳೆಯುವ ಕೆಲಸ ಬೀಳಲಿಲ್ಲ, ಹಾಗಾಗಿ ವಂಶವಾಹಿ ಕೆಟ್ಟರೂ ನಷ್ಟವಾಗಲಿಲ್ಲ ಎಂಬುದು ವಿಜ್ಞಾನಿಗಳ ವಿವರಣೆ. ಜ್ವರದ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು ಎಂಬುದಕ್ಕೂ ಕಾರಣ ಇದೇ. ಚಿಗಟಕ್ಕೆಂದು ಫಿನಾಯಿಲ್ ನೀರಿನಲ್ಲಿ ಬೆಕ್ಕನ್ನು ತೊಳೆಯಬಾರದು ಎಂಬುದಕ್ಕೂ ಅದೇ. ತಂಬಾಕಿನ ನೀರು, ಸೀಮೆಎಣ್ಣೆ ಸವರುವ ಹಳೆಯ ರೂಢಿಯೂ ವಿಷವೇ. ಮೇಲಾಗಿ ಬೆಕ್ಕು ಮೈ ನೆಕ್ಕುವ ಪ್ರಾಣಿ, ಚರ್ಮದ ಮೇಲೆ ಹಾಕಿದ್ದೆಲ್ಲ ಹೊಟ್ಟೆಗೂ ಹೋಗುತ್ತದೆ.

ಲಕ್ಷಣಗಳು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ, ಕೆಲವೊಮ್ಮೆ ಒಂದೆರಡು ದಿನ ತಡವಾಗಿ ಕಾಣುತ್ತವೆ. ಮೊದಲು ಕಿವಿಯ ತುದಿ ಪಟಪಟನೆ ಅದುರುತ್ತದೆ. ಮೀಸೆಯ ಬುಡ ಜಗ್ಗುತ್ತದೆ, ಬೆನ್ನ ಚರ್ಮ ಅಲೆ ಎದ್ದಂತೆ ಸರಿಯುತ್ತದೆ, ಬೆಕ್ಕು ಕಾಲನ್ನು ಝಾಡಿಸುತ್ತಾ ನಡೆಯುತ್ತದೆ. ಆಮೇಲೆ ಇಡೀ ಮೈ ನಡುಗಿ ಫಿಟ್ಸ್ ಬರುತ್ತದೆ, ಮೈ ಕಾಯುತ್ತದೆ. ಪ್ರತಿವಿಷ ಎಂಬುದಿಲ್ಲ. ಆದರೆ ಬೇಗ ಆಸ್ಪತ್ರೆ ಮುಟ್ಟಿದರೆ ಮೆಥೊಕಾರ್ಬಮಾಲ್‌ನಂಥ ಔಷಧ ಕೊಟ್ಟು ನಡುಕ ತಡೆಯುತ್ತಾರೆ, ಬಹಳಷ್ಟು ಬೆಕ್ಕುಗಳು ಎರಡು ಮೂರು ದಿನದಲ್ಲಿ ಚೇತರಿಸಿಕೊಳ್ಳುತ್ತವೆ. ಫಿಟ್ಸ್ ಇಲ್ಲದಿದ್ದರೆ ಹೊರಡುವ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿ. ನೀರಿನ ಹದ ಮುಖ್ಯ. ನಮ್ಮ ಊರಿನ ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಸುಡುತ್ತದೆ. ಆ ಬಿಸಿಗೆ ಚರ್ಮದ ರಕ್ತನಾಳ ಅಗಲವಾಗಿ ವಿಷ ಇನ್ನಷ್ಟು ಒಳಹೋಗುತ್ತದೆ. ಹಾಗಂತ ಗಡಿಗೆಯ ತಣ್ಣೀರನ್ನೂ ಸುರಿಯಬಾರದು, ಏಕೆಂದರೆ ಮೈ ತಣ್ಣಗಾದಷ್ಟೂ ಈ ವಿಷ ಸೋಡಿಯಂ ದ್ವಾರಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಔಷಧದ ಖಾಲಿ ಟ್ಯೂಬನ್ನು ಎಸೆಯದೆ ಡಾಕ್ಟರರಿಗೆ ತೋರಿಸಿ. ಬೀದರ ಕಡೆಯವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜು ಹತ್ತಿರವೇ ಇದೆ.

ಬೆಕ್ಕಿಗೆ ಬೇರೆ ಔಷಧಗಳು ಇಲ್ಲವೆಂದಲ್ಲ. ಸೆಲಮೆಕ್ಟಿನ್ ಇದೆ, ಬೆಕ್ಕಿಗೆಂದೇ ಅಳತೆ ಮಾಡಿದ ಫಿಪ್ರೊನಿಲ್ ಇದೆ. (ಮೊಲ ಸಾಕಿದವರು ಫಿಪ್ರೊನಿಲ್ ಮುಟ್ಟಲೇಬಾರದು, ಮೊಲಕ್ಕೆ ಅದು ವಿಷ.) ಡಬ್ಬಿಯ ಮೇಲಿನ ಚಿತ್ರ ನೋಡದೆ ಒಳಗಿನ ಹೆಸರು ಓದಿ, 'ಥ್ರಿನ್' ಎಂದು ಕೊನೆಯಾಗಿದ್ದರೆ, ಇಲ್ಲವೇ ಅಮಿಟ್ರಾಜ್ ಎಂದಿದ್ದರೆ, ಪಶುವೈದ್ಯರನ್ನು ಕೇಳದೆ ಬೆಕ್ಕಿಗೆ ಹಾಕಬೇಡಿ. ಮನೆಯಲ್ಲಿ ನಾಯಿ ಬೆಕ್ಕು ಎರಡೂ ಇದ್ದು ನಾಯಿಗೆ ಪರ್ಮೆಥ್ರಿನ್ ಹಾಕಿದ್ದರೆ ಎರಡು ಮೂರು ದಿನ ಒಟ್ಟಿಗೆ ಮಲಗಲು ಬಿಡಬೇಡಿ. ಮೈಮೇಲೆ ಕಾಣುವ ಚಿಗಟಗಳಿಗಿಂತ ಅವುಗಳ ಮೊಟ್ಟೆ, ಮರಿಹುಳುಗಳು ಬೆಕ್ಕು ಮಲಗುವ ಗೋಣಿಚೀಲದಲ್ಲಿ, ಕೌದಿಯ ಮಡಿಕೆಯಲ್ಲಿ ಹೆಚ್ಚು ಇರುತ್ತವೆ. ಅವನ್ನು ಕುದಿನೀರಿನಲ್ಲಿ ನೆನೆಸಿ ಕಲಬುರಗಿಯ ಬಿಸಿಲಿಗೆ ಹಾಕಿದರೆ ಅರ್ಧ ಕೆಲಸ ಔಷಧವಿಲ್ಲದೆಯೇ ಆಗುತ್ತದೆ.